ಕಬ್ಬಿನ ಗರಿ ತಾಗಿದ ಕಣ್ಣು, ಕೇಳಿಸಿಕೊಳ್ಳುವ ವೈದ್ಯ

ವೈದ್ಯಕೀಯ ಸಂಶೋಧನೆ ಎಂಬ ಮಾತು ಕಿವಿಗೆ ಬಿದ್ದೊಡನೆ ಅದು ವೈದ್ಯರಿಗೆ ಬಿಟ್ಟ ವಿಷಯ, ನಮಗೇಕೆ ಎಂದು ಪುಟ ತಿರುಗಿಸುವವರೇ ಹೆಚ್ಚು. ಆದರೆ ಕೆಲವು ಸಂಶೋಧನೆಗಳು ನೇರವಾಗಿ ನಮ್ಮ ಮನೆಯಂಗಳಕ್ಕೇ ಬರುತ್ತವೆ. ಅಂಥ ಎರಡು ವಿಷಯಗಳನ್ನು ಈ ಬಾರಿ ಓದುಗರ ಮುಂದಿಡಲು ಬಯಸುತ್ತೇವೆ. ಒಂದು, ವೈದ್ಯಕೀಯ ವಿದ್ಯಾರ್ಥಿಗಳ ಮನಸ್ಸಿನ ಒತ್ತಡ ಮತ್ತು ಅವರ ಸಹಾನುಭೂತಿಯ ಕುರಿತದ್ದು. ಇನ್ನೊಂದು, ಕಣ್ಣಿನ ಕಾರ್ನಿಯಾದ ಆರೋಗ್ಯದ ಕುರಿತದ್ದು. ಮೇಲ್ನೋಟಕ್ಕೆ ಇವೆರಡಕ್ಕೂ ಯಾವ ನಂಟೂ ಕಾಣದು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಇವೆರಡೂ ಒಂದೇ ಹೊರರೋಗಿ ಚೀಟಿಯಲ್ಲಿ ಕೂಡುತ್ತವೆ.

ಕರಾವಳಿಯವರಾದ ನಮಗೆ ಮಂಡ್ಯದ ಮಾತೇಕೆ ಎಂದು ಕೆಲವರು ಕೇಳಬಹುದು. ಮಂಡ್ಯ ಜಿಲ್ಲೆಯೆಂದರೆ ನಮ್ಮ ಹಿರಿಯರಿಗೆ ಶ್ರೀರಂಗಪಟ್ಟಣದ ಸೆರೆಯ ನೆನಪು. ಇಂದಿನವರಿಗೆ ಬೆಂಗಳೂರಿನ ದಾರಿಯಲ್ಲಿ ಸಿಗುವ ಮದ್ದೂರು ವಡೆ. ಆದರೆ ಅಲ್ಲಿ ಕಬ್ಬಿನ ಗರಿ ಮಾಡುವ ಕೆಲಸವನ್ನು ಇಲ್ಲಿ ಅಡಿಕೆ ತೋಟದ ಔಷಧಿಯೂ ಹುಲ್ಲು ಕತ್ತರಿಸುವ ಯಂತ್ರವೂ ಮಾಡುತ್ತವೆ. ಅದಲ್ಲದೆ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳು ನಮ್ಮ ಮಂಗಳೂರಿನ ಸುತ್ತಮುತ್ತ ಇರುವಷ್ಟು ರಾಜ್ಯದಲ್ಲಿ ಬೇರೆ ಕಡೆ ಕಡಿಮೆ. ಆದ್ದರಿಂದ ವಿಷಯ ಅಲ್ಲಿನದಾದರೂ ಪಾಠ ನಮ್ಮೆಲ್ಲರಿಗೂ ಸೇರಿದ್ದು.

ಕಾರ್ನಿಯಾ ಎಂದರೇನು?

ಕಣ್ಣಿನ ಮುಂಭಾಗದಲ್ಲಿ ಕೈಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪೊರೆಯೇ ಕಾರ್ನಿಯಾ. ನಾವು ಕರಿಗುಡ್ಡೆ ಎಂದು ಕರೆಯುವ ಭಾಗದ ಮೇಲೆ ಅದು ಇದೆ. ಕಪ್ಪು ಬಣ್ಣ ಒಳಗಿನದು, ಅದರದಲ್ಲ. ಅದರ ಅಗಲ ಸುಮಾರು 11ರಿಂದ 12 ಮಿಲಿಮೀಟರ್. ನಡುಭಾಗದಲ್ಲಿ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ರಕ್ತನಾಳ ಇಲ್ಲದಿರುವುದರಿಂದಲೇ ಬೆಳಕು ಸಲೀಸಾಗಿ ಒಳಗೆ ಹೋಗುತ್ತದೆ. ಆದರೆ ಅದೇ ಕಾರಣಕ್ಕೆ ಅಲ್ಲಿ ಸೋಂಕು ತಗುಲಿದರೆ ರಕ್ತದಲ್ಲಿರುವ ರಕ್ಷಣಾ ಶಕ್ತಿ ಅಲ್ಲಿಗೆ ತಲುಪುವುದು ತಡವಾಗುತ್ತದೆ.

ಮೇಲಿನ ಪದರಕ್ಕೆ ಮಾತ್ರ ತಾಗಿದ ಗೀರು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಗಾಯಕ್ಕೆ ಸೋಂಕು ತಗುಲಿ ಹುಣ್ಣಾಗಿ ಆಳಕ್ಕೆ ಇಳಿದರೆ ಮಾಯ್ದ ಮೇಲೂ ಬಿಳಿಯ ಕಲೆ ಉಳಿಯುತ್ತದೆ. ಇದನ್ನೇ ನಮ್ಮ ಹಿರಿಯರು ಕಣ್ಣಿಗೆ ಹೂ ಬಿದ್ದಿದೆ ಎನ್ನುತ್ತಿದ್ದರು. ಇದು ವಯಸ್ಸಾದ ಮೇಲೆ ಬರುವ ಪೊರೆಯಂತಲ್ಲ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಕೃತಕ ಮಸೂರ ಇಡಬಹುದು. ಆದರೆ ದಟ್ಟವಾದ ಹೂ ಬಿದ್ದ ಕಣ್ಣಿಗೆ ಸಾಮಾನ್ಯವಾಗಿ ಇನ್ನೊಬ್ಬ ಮನುಷ್ಯನ ಕಾರ್ನಿಯಾವೇ ಬೇಕು.

ಭಾರತದಲ್ಲಿ 2015ರಿಂದ 2019ರ ವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ 50 ವರ್ಷ ಮೀರಿದವರ ಕುರುಡುತನಕ್ಕೆ ಪೊರೆಯೇ ಮುಖ್ಯ ಕಾರಣವೆಂದು ಕಂಡುಬಂದರೆ, 50 ವರ್ಷದೊಳಗಿನವರಲ್ಲಿ ಮೊದಲ ಸ್ಥಾನ ಕಾರ್ನಿಯಾದ ಕಲೆಗೆ ಸಿಕ್ಕಿತು, ಶೇಕಡಾ 37.5ರಷ್ಟು. ಅಂದರೆ ದುಡಿಯುವ ವಯಸ್ಸಿನವರನ್ನೂ ಮಕ್ಕಳನ್ನೂ ಹಿಡಿಯುವ ಕುರುಡುತನ ಇದು.

ಕಬ್ಬಿನ ನಾಡಿನಲ್ಲಿ

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಭತ್ತ ಮತ್ತು ಕಬ್ಬಿನ ನಾಡಾಗಿ ಮಾಡಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಹಳ್ಳಿಗಳಲ್ಲಿ ಆಲೆಮನೆಗಳಿವೆ. ಬೆವರು ಸುರಿಸುವ ಈ ಕೆಲಸಗಳಲ್ಲೆಲ್ಲ ಕಣ್ಣಿಗೆ ಅಪಾಯವಿದೆ. ಕಬ್ಬಿನ ಗರಿಯ ಅಂಚು ಗರಗಸದಂತೆ. ಕಟಾವಿನ ಹೊತ್ತಿಗೆ ತಲೆಯ ಮಟ್ಟದಲ್ಲೇ ಇರುತ್ತದೆ. ಭತ್ತ ಬಡಿಯುವಾಗ, ತೂರುವಾಗ ಹೊಟ್ಟು ಕಣ್ಣಿಗೆ ಹಾರುತ್ತದೆ. ಆಲೆಮನೆಯಲ್ಲಿ ಒಣ ಸಿಪ್ಪೆಯ ದೂಳಿನ ಜೊತೆಗೆ ಹಾಲನ್ನು ತಿಳಿಗೊಳಿಸಲು ಬಳಸುವ ಸುಣ್ಣವೂ ಇರುತ್ತದೆ.

ಗಿಡಗಂಟಿಯಿಂದ ಆದ ಕಣ್ಣಿನ ಗಾಯಕ್ಕೆ ಒಂದು ವಿಶೇಷ ಅಪಾಯವಿದೆ. ಎಲೆಯ ಮೇಲೂ ಮಣ್ಣಿನಲ್ಲೂ ಇರುವ ಶಿಲೀಂಧ್ರಗಳು, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳು, ಆ ಗೀರಿನ ಮೂಲಕ ಕಾರ್ನಿಯಾದೊಳಗೆ ಸೇರುತ್ತವೆ. ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್ ಎಂಬ ಎರಡು ಜಾತಿಗಳು ದಕ್ಷಿಣ ಭಾರತದಲ್ಲಿ ಹೆಚ್ಚು. ಸಾಮಾನ್ಯ ಬ್ಯಾಕ್ಟೀರಿಯಾ ನಿರೋಧಕ ಹನಿಗಳಿಗೆ ಇವು ಬಗ್ಗುವುದಿಲ್ಲ. ಇವುಗಳಿಗೆ ಬೇರೆಯೇ ಔಷಧಿ ಬೇಕು, ವಾರಗಟ್ಟಲೆ ಹಾಕಬೇಕು. ಯಾವ ಔಷಧಿ ಮೇಲು ಎಂದು ತಿಳಿಯಲು ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಜ್ಞರು ಸೇರಿ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಂತು. ವೊರಿಕೊನಜೋಲ್ ಎಂಬ ಹೊಸ ಔಷಧಿಗಿಂತ ಹಳೆಯ ನಾಟಮೈಸಿನ್ ಹನಿಯೇ ಉತ್ತಮ ಫಲ ಕೊಟ್ಟಿತು.

ನಮ್ಮ ನಾಡಿನಲ್ಲಿ ಈ ತೊಂದರೆ ಎಷ್ಟಿದೆ ಎಂಬುದಕ್ಕೆ ಹಳೆಯದಾದರೂ ಮುಖ್ಯವಾದ ಒಂದು ಲೆಕ್ಕ ಮದುರೈ ಜಿಲ್ಲೆಯದು. 1996ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 113 ಮಂದಿಗೆ ಕಾರ್ನಿಯಾದ ಹುಣ್ಣು ಆಗುತ್ತಿತ್ತು. ಇದು ಅಮೆರಿಕದ ಒಂದು ಕೌಂಟಿಯಲ್ಲಿ ಕಂಡುಬಂದ ಪ್ರಮಾಣದ ಹತ್ತು ಪಟ್ಟು. ಹವಾಮಾನ, ಬೇಸಾಯ, ಬರಿಗಣ್ಣಿನ ದುಡಿಮೆ ಎಲ್ಲದರಲ್ಲೂ ಮದುರೈಯ ಹಳ್ಳಿಗೂ ಮಳವಳ್ಳಿಯ ಹಳ್ಳಿಗೂ ಬಹಳ ಅಂತರವಿಲ್ಲ.

ಮೊದಲ ದಿನದ ಬೆಲೆ

ನೇಪಾಳದ ಭಕ್ತಪುರದಲ್ಲಿ ಎರಡು ವರ್ಷ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನಮ್ಮ ಆರೋಗ್ಯ ಕಾರ್ಯಕರ್ತರು ತಿಳಿದಿರುವುದು ಒಳ್ಳೆಯದು. ಅಲ್ಲಿ ಸುಮಾರು 35 ಸಾವಿರ ಜನರ ಮೇಲೆ ನಿಗಾ ಇಡಲಾಯಿತು. ಹಳ್ಳಿಯ ಸಾಮಾನ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬಣ್ಣದ ಕಾಗದದ ಪಟ್ಟಿ ಮತ್ತು ನೀಲಿ ಬೆಳಕಿನ ಟಾರ್ಚಿನಿಂದ ಗೀರನ್ನು ಗುರುತಿಸುವುದನ್ನು ಕಲಿಸಲಾಯಿತು. ಗೀರು ಇದ್ದವರಿಗೆ ಕ್ಲೋರಾಂಫೆನಿಕಾಲ್ ಎಂಬ ಅಗ್ಗದ ಮುಲಾಮನ್ನು ದಿನಕ್ಕೆ ಮೂರು ಬಾರಿಯಂತೆ ಮೂರು ದಿನ ಹಚ್ಚಲಾಯಿತು. ಹೀಗೆ ಚಿಕಿತ್ಸೆ ಪಡೆದ 442 ಮಂದಿಯಲ್ಲಿ 424 ಮಂದಿಗೆ ಸೋಂಕಿಲ್ಲದೆ ಗಾಯ ಮಾಯಿತು. ಗಾಯವಾದ 18 ಗಂಟೆಯೊಳಗೆ ಬಂದ 284 ಮಂದಿಯಲ್ಲಿ ಒಬ್ಬರಿಗೂ ಸೋಂಕು ಆಗಲಿಲ್ಲ.

ಸಂಶೋಧನೆಯ ಮಾತನ್ನು ಪೂರ್ತಿ ಹೇಳಬೇಕು. ಅನಂತರ ನೇಪಾಳದಲ್ಲೇ ಇನ್ನೂ ದೊಡ್ಡ ಪ್ರಮಾಣದಲ್ಲಿ, ಹೋಲಿಕೆಯ ಗುಂಪನ್ನಿಟ್ಟು ಇಂಥದೇ ಪ್ರಯೋಗ ನಡೆಸಿದಾಗ ಹುಣ್ಣುಗಳ ಸಂಖ್ಯೆ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಆದ್ದರಿಂದ ಮುಲಾಮಿನ ಟ್ಯೂಬನ್ನು ಹಳ್ಳಿಹಳ್ಳಿಗೆ ಹಂಚಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಹೇಳಲಾರೆವು. ಆದರೆ ಗಾಯವಾದ ಕಣ್ಣನ್ನು ಮೊದಲ ದಿನವೇ ವೈದ್ಯರಿಗೆ ತೋರಿಸಬೇಕೆಂಬ ಮಾತಿನಲ್ಲಿ ಯಾವ ತಜ್ಞರಿಗೂ ಎರಡಭಿಪ್ರಾಯವಿಲ್ಲ.

ನಮ್ಮ ಹಳ್ಳಿಗಳಲ್ಲಿ ಆ ಮೊದಲ ದಿನ ಹೇಗೆ ಕಳೆಯುತ್ತದೆ ನೋಡಿ. ಕಟಾವಿನ ಕೂಲಿ ತಪ್ಪುತ್ತದೆಂದು ಕಣ್ಣುಜ್ಜಿಕೊಂಡು ಕೆಲಸ ಮುಂದುವರಿಯುತ್ತದೆ. ಸಂಜೆ ಮನೆಯವರು ಹರಳೆಣ್ಣೆಯನ್ನೋ ಎದೆಹಾಲನ್ನೋ ನಂದಿಬಟ್ಟಲು ಹೂವಿನ ರಸವನ್ನೋ ಬಿಡುತ್ತಾರೆ. ನಾಲಿಗೆಯಿಂದ ಕಸ ತೆಗೆಯುವವರೂ ಇದ್ದಾರೆ. ಮೂರನೆಯ ದಿನ ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಒಂದು ಹನಿ ಬರುತ್ತದೆ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ಇಳಿದು ನೋವು ತಗ್ಗಿ ಗುಣವಾಯಿತೆಂದು ಅನಿಸುತ್ತದೆ. ಆದರೆ ಶಿಲೀಂಧ್ರಕ್ಕೆ ಸ್ಟೆರಾಯ್ಡ್ ಎಂದರೆ ಗದ್ದೆಗೆ ಗೊಬ್ಬರ ಹಾಕಿದಂತೆ. ಒಂದೆರಡು ವಾರ ಕಳೆದು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಹುಣ್ಣು ಆಳಕ್ಕೆ ಇಳಿದಿರುತ್ತದೆ.

ಮೇಜಿನ ಆಚೆ ಬದಿಯಲ್ಲಿ

ಆ ಸಾಲು ಕೊನೆಗೊಳ್ಳುವುದು ಒಂದು ಮೇಜಿನ ಮುಂದೆ. ಮೇಜಿನ ಆಚೆ ಬದಿಯಲ್ಲಿ ಕೂತಿರುವವರು ಯಾರು? ಬೋಧನಾ ಆಸ್ಪತ್ರೆಯಾದರೆ ಬಹಳ ಸಲ ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಹುಡುಗ ಅಥವಾ ಹುಡುಗಿ. ಮಂಡ್ಯ ಜಿಲ್ಲೆಯಲ್ಲಿ ಬೆಳ್ಳೂರಿನ ಬಳಿ ಬಿ.ಜಿ. ನಗರದಲ್ಲಿ 1986ರಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. 2006ರಲ್ಲಿ ಮಂಡ್ಯ ಪಟ್ಟಣದಲ್ಲಿ ಸರ್ಕಾರದ ಮಂಡ್ಯ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂತು. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮುಗಿಯದ ಕೆಲಸ ಮುಂದೆ ಹೋಗುವುದು ಇಂಥ ದೊಡ್ಡ ಆಸ್ಪತ್ರೆಗಳಿಗೆ.

ಈ ಯುವಜನರ ಸ್ಥಿತಿ ಹೇಗಿದೆ? 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಹಲವಾರು ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿತು. ಶೇಕಡಾ 27ರಷ್ಟು ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡವು. ಹಾಗೆ ಕಂಡವರಲ್ಲಿ ಚಿಕಿತ್ಸೆಗೆ ಹೋದವರು ನೂರಕ್ಕೆ ಸುಮಾರು 16 ಮಂದಿ ಮಾತ್ರ. ರೋಗಿಗೆ ಔಷಧಿ ಬರೆಯಲು ಕಲಿಯುವವರೇ ತಮ್ಮ ನೋವನ್ನು ಯಾರಿಗೂ ಹೇಳುತ್ತಿರಲಿಲ್ಲ.

ನಮ್ಮ ದೇಶದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆಯೊಂದು 2024ರಲ್ಲಿ ವರದಿ ಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ್ ಅದರ ಅಧ್ಯಕ್ಷರಾಗಿದ್ದರು. ಆನ್‌ಲೈನ್ ಸಮೀಕ್ಷೆಯಲ್ಲಿ 25,590 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಉತ್ತರಿಸಿದರು, ಅವರಲ್ಲಿ ಶೇಕಡಾ 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇದೆಯೆಂದು ತಿಳಿಸಿದರು. ಇಂಥ ಸಮೀಕ್ಷೆಗೆ ಉತ್ತರಿಸುವವರು ತಾವಾಗಿ ಮುಂದೆ ಬಂದವರು, ಆದ್ದರಿಂದ ಈ ಸಂಖ್ಯೆಯನ್ನು ಎಲ್ಲ ವಿದ್ಯಾರ್ಥಿಗಳಿಗೂ ಹಾಗೆಯೇ ಅನ್ವಯಿಸಲಾಗದು. ಆದರೂ ಅದನ್ನು ಕಡೆಗಣಿಸುವಂತಿಲ್ಲ. ಸ್ನಾತಕೋತ್ತರ ವೈದ್ಯರ ಕೆಲಸ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ದಿನ ರಜೆ ಇರಬೇಕು, ದಿನಕ್ಕೆ 7ರಿಂದ 8 ಗಂಟೆ ನಿದ್ದೆ ಸಿಗಬೇಕು ಎಂದು ಕಾರ್ಯಪಡೆ ಶಿಫಾರಸು ಮಾಡಿತು. ಹೀಗೆ ಬರೆದು ಹೇಳಬೇಕಾಯಿತೆಂದರೆ ಪರಿಸ್ಥಿತಿ ಹೇಗಿರಬೇಕೆಂದು ಊಹಿಸಬಹುದು.

ಸಹಾನುಭೂತಿಯನ್ನು ಅಳೆಯಬಹುದೇ?

ಸಹಾನುಭೂತಿ ಎಂದಾಗ ಅಯ್ಯೋ ಪಾಪ ಎನ್ನುವ ಮರುಕವನ್ನು ನಾವು ಹೇಳುತ್ತಿಲ್ಲ. ಎದುರಿಗಿರುವವನ ಕಷ್ಟವನ್ನು ಅವನ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳುವುದು, ಅರ್ಥವಾಗಿದೆಯೆಂದು ಅವನಿಗೆ ತಿಳಿಯುವಂತೆ ನಡೆದುಕೊಳ್ಳುವುದು ಸಹಾನುಭೂತಿ. ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ಮೊಹಮ್ಮದ್‌ರೆಜಾ ಹೊಜತ್ ಮತ್ತು ಸಂಗಡಿಗರು ಇದಕ್ಕಾಗಿ 20 ಪ್ರಶ್ನೆಗಳ ಒಂದು ಅಳತೆಗೋಲನ್ನು ರೂಪಿಸಿದರು. ಭಾರತದ ವೈದ್ಯಕೀಯ ಕಾಲೇಜುಗಳಲ್ಲೂ ಅದನ್ನು ಬಳಸಿ ಅಧ್ಯಯನಗಳಾಗಿವೆ.

2009ರಲ್ಲಿ ಅವರು 456 ವಿದ್ಯಾರ್ಥಿಗಳ ಅಧ್ಯಯನದ ಫಲಿತಾಂಶ ಪ್ರಕಟಿಸಿದರು. ಮೊದಲೆರಡು ವರ್ಷ ಅಷ್ಟಾಗಿ ಬದಲಾಗದ ಸಹಾನುಭೂತಿಯ ಅಂಕ ಮೂರನೆಯ ವರ್ಷದ ಕೊನೆಗೆ ಎದ್ದು ಕಾಣುವಂತೆ ಕುಸಿದಿತ್ತು. ಆ ದೇಶದಲ್ಲಿ ವಿದ್ಯಾರ್ಥಿಗಳು ಪುಸ್ತಕ ಬಿಟ್ಟು ವಾರ್ಡಿನಲ್ಲಿ ರೋಗಿಗಳ ನಡುವೆ ಹೆಚ್ಚು ಹೊತ್ತು ಕಳೆಯತೊಡಗುವುದು ಅದೇ ವರ್ಷ. ರೋಗಿಯ ಹತ್ತಿರ ಬಂದಷ್ಟೂ ಕರುಣೆ ಹೆಚ್ಚಬೇಕೆಂದು ನಾವು ನಿರೀಕ್ಷಿಸುತ್ತೇವೆ, ಆದದ್ದು ತಿರುಗುಮುರುಗು. ಎಲ್ಲ ಕಡೆಯೂ ಹೀಗೇ ಆಗಿದೆ ಎನ್ನಲಾಗದು. ಕುಸಿತ ಅಲ್ಪವೆಂದೋ ಇಲ್ಲವೆಂದೋ ಕಂಡ ಅಧ್ಯಯನಗಳೂ ಇವೆ. ಅಲ್ಲದೆ ಇದು ವಿದ್ಯಾರ್ಥಿಯೇ ತನ್ನ ಬಗ್ಗೆ ಹೇಳಿಕೊಂಡ ಉತ್ತರದ ಅಳತೆ.

ಸಹಾನುಭೂತಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಔಷಧಿ ಕೆಲಸ ಮಾಡುತ್ತದೆ ಎನ್ನುವವರಿಗೆ ಅದೇ ತಂಡದ 2011ರ ಅಧ್ಯಯನ ಉತ್ತರವಾಗಬಲ್ಲದು. 29 ಕುಟುಂಬ ವೈದ್ಯರ 891 ಮಧುಮೇಹ ರೋಗಿಗಳನ್ನು ಪರಿಶೀಲಿಸಿದಾಗ, ಸಹಾನುಭೂತಿಯ ಅಂಕ ಹೆಚ್ಚಿದ್ದ ವೈದ್ಯರ ರೋಗಿಗಳಲ್ಲಿ ಶೇಕಡಾ 56 ಮಂದಿಯ ಸಕ್ಕರೆ ಹತೋಟಿಯಲ್ಲಿತ್ತು. ಅಂಕ ಕಡಿಮೆಯಿದ್ದ ವೈದ್ಯರ ರೋಗಿಗಳಲ್ಲಿ ಶೇಕಡಾ 40 ಮಂದಿಯದು ಮಾತ್ರ. ರೋಗಿ ವೈದ್ಯನನ್ನು ನಂಬಿದರೆ ನಿಜ ಹೇಳುತ್ತಾನೆ, ಹೇಳಿದಂತೆ ಔಷಧಿ ತೆಗೆದುಕೊಳ್ಳುತ್ತಾನೆ, ಮತ್ತೆ ಬರುತ್ತಾನೆ. ಗುಟ್ಟು ಇಷ್ಟೇ ಇರಬೇಕು.

ಎರಡು ವಿಷಯ ಕೂಡುವ ಜಾಗ

ಈಗ ಕಬ್ಬಿನ ಗರಿ ತಾಗಿದ ಆ ಕೂಲಿಯಾಳನ್ನು ಮೇಜಿನ ಮುಂದೆ ಕೂರಿಸೋಣ. ಅವನ ಕಣ್ಣು ಉಳಿಯಬೇಕಾದರೆ ವೈದ್ಯನಿಗೆ ಮೂರು ಸಂಗತಿ ತಿಳಿಯಬೇಕು: ಕಣ್ಣಿಗೆ ಬಿದ್ದದ್ದು ಏನು, ಎಷ್ಟು ದಿನವಾಯಿತು, ಇದುವರೆಗೆ ಏನೇನು ಹಾಕಿದ್ದಾಯಿತು. ಎಲೆಯ ಗಾಯವೆಂದು ಗೊತ್ತಾದರೆ ಶಿಲೀಂಧ್ರವನ್ನು ಶಂಕಿಸಿ ಹುಣ್ಣಿನ ಅಂಚಿನಿಂದ ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸ್ಟೆರಾಯ್ಡ್ ಹನಿ ಹಾಕಿದ್ದು ಗೊತ್ತಾದರೆ ಅದನ್ನು ನಿಲ್ಲಿಸುತ್ತಾರೆ. ಈ ಮೂರೂ ಸಂಗತಿ ಯಾವ ಯಂತ್ರದಲ್ಲೂ ಸಿಗುವುದಿಲ್ಲ, ಅವನ ಬಾಯಿಂದಲೇ ಬರಬೇಕು.

ಇಷ್ಟು ದಿನ ಎಲ್ಲಿ ಸತ್ತಿದ್ದೆ, ಯಾರು ಹೇಳಿದರು ಆ ಹನಿ ಹಾಕು ಅಂತ ಎಂದು ಗದರಿದರೆ ಅವನ ಬಾಯಿ ಮುಚ್ಚಿಹೋಗುತ್ತದೆ. ಏನೂ ಹಾಕಿಲ್ಲ ಸ್ವಾಮಿ ಎನ್ನುತ್ತಾನೆ. ಗದರಿದ ಆ ಯುವ ವೈದ್ಯೆ ಕೆಟ್ಟವಳಲ್ಲ. ಹಿಂದಿನ ರಾತ್ರಿ ನಿದ್ದೆ ಮಾಡಿರುವುದಿಲ್ಲ, ಎದುರಿಗೆ ಇನ್ನೂ ನಲವತ್ತು ಮಂದಿ ನಿಂತಿರುತ್ತಾರೆ, ಬೆಳಿಗ್ಗೆ ಹಿರಿಯರಿಂದ ಅವಳಿಗೂ ಬೈಗುಳ ಸಿಕ್ಕಿರುತ್ತದೆ. ಮೇಲಿನಿಂದ ಇಳಿದು ಬಂದ ಒತ್ತಡ ಕೊನೆಗೆ ಬಂದು ನಿಲ್ಲುವುದು ಸಾಲಿನಲ್ಲಿರುವ ಬಡವನ ಕಣ್ಣಿನ ಮೇಲೆ. ವಿದ್ಯಾರ್ಥಿಗಳ ಒತ್ತಡ ಅವರ ಸ್ವಂತ ವಿಷಯ ಎಂದು ಸುಮ್ಮನಿರಬಾರದು ಎಂದು ನಾವು ಹೇಳುವುದು ಇದಕ್ಕಾಗಿಯೇ. ಜೆರಿಕೋ ದಾರಿಬದಿಯ ಕುರುಡ ಬಾರ್ತಿಮಾಯನಿಗೆ ದೃಷ್ಟಿ ಕೊಡುವ ಮೊದಲು ಯೇಸುಸ್ವಾಮಿ ಅವನಿಗೆ ಏನು ಬೇಕೆಂದು ಕೇಳಿದ್ದನ್ನು ಇಲ್ಲಿ ನೆನೆಯಬಹುದು.

ಈ ಕೊರತೆಯನ್ನು ಶಿಕ್ಷಣ ವ್ಯವಸ್ಥೆಯೂ ಗುರುತಿಸಿದೆ. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಮನೋಭಾವ, ನೀತಿ ಮತ್ತು ಸಂವಹನದ ಪಾಠಗಳನ್ನು ಕಡ್ಡಾಯವಾಗಿ ಸೇರಿಸಲಾಯಿತು. ಅನಂತರ ಬಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು. ಕಬ್ಬು ಕಡಿಯುವವನ ಮನೆಯ ಜಗಲಿಯಲ್ಲಿ ಒಮ್ಮೆ ಕೂತು ಮಾತಾಡಿದವರಿಗೆ ಅವನು ಏಕೆ ತಡವಾಗಿ ಬಂದ ಎಂದು ಗದರಿ ಕೇಳಬೇಕಾಗುವುದಿಲ್ಲ.

ಓದುವ ಮಕ್ಕಳ ಕಣ್ಣು

ವಿದ್ಯಾರ್ಥಿಗಳ ಕಾರ್ನಿಯಾದ ಬಗ್ಗೆಯೂ ಎರಡು ಮಾತು. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಮಿಟುಕಿಸುತ್ತೇವೆ. ಮೊಬೈಲ್ ಅಥವಾ ಕಂಪ್ಯೂಟರ್ ಪರದೆಯ ಮುಂದೆ ಇದು ಅರ್ಧಕ್ಕೂ ಕೆಳಗೆ ಇಳಿಯಬಹುದು. ಆಗ ಕಾರ್ನಿಯಾದ ಮೇಲಿನ ಕಣ್ಣೀರಿನ ಲೇಪ ಒಣಗಿ ಉರಿ, ಮಸುಕು, ತುರಿಕೆ ಕಾಣಿಸುತ್ತವೆ. ಮಾನಸಿಕ ಒತ್ತಡಕ್ಕೂ ಒಣಗಣ್ಣಿನ ತೊಂದರೆಗೂ ನಂಟಿದೆಯೆಂದು ಹಲವು ಅಧ್ಯಯನಗಳು ಹೇಳಿವೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಸುಲಭವಲ್ಲ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಒಳ್ಳೆಯದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗುವುದು, ನಲ್ಲಿಯ ನೀರಿನಲ್ಲಿ ಅದನ್ನು ತೊಳೆಯುವುದು ಅಪಾಯಕರ.

ಅಲರ್ಜಿಯಿಂದಲೋ ನಿದ್ದೆಗೇಡಿನಿಂದಲೋ ಸದಾ ಕಣ್ಣುಜ್ಜುವ ಹದಿಹರೆಯದವರ ಬಗ್ಗೆ ಎಚ್ಚರ ಬೇಕು. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಉಬ್ಬುವ ಕೆರಟೋಕೋನಸ್ ಎಂಬ ರೋಗಕ್ಕೂ ಕಣ್ಣುಜ್ಜುವ ಅಭ್ಯಾಸಕ್ಕೂ ಸಂಬಂಧವಿದೆ. ಕನ್ನಡಕದ ಅಂಕ ಪದೇಪದೇ ಬದಲಾದರೆ ಕಾರ್ನಿಯಾ ಪರೀಕ್ಷೆ ಮಾಡಿಸಬೇಕು. ಬೇಗ ತಿಳಿದರೆ ರೋಗ ಮುಂದುವರಿಯದಂತೆ ತಡೆಯುವ ಚಿಕಿತ್ಸೆ ಈಗ ಇದೆ.

ಒಬ್ಬರ ಕಣ್ಣು ಇನ್ನೊಬ್ಬರಿಗೆ

ಇಷ್ಟೆಲ್ಲ ಮಾಡಿಯೂ ಹೂ ಬಿದ್ದ ಕಣ್ಣಿಗೆ ಉಳಿಯುವ ದಾರಿ ಕಸಿ. ಮನುಷ್ಯನಿಂದ ಮನುಷ್ಯನಿಗೆ ಮೊದಲ ಯಶಸ್ವಿ ಕಾರ್ನಿಯಾ ಕಸಿಯನ್ನು 1905ರ ಡಿಸೆಂಬರ್ 7ರಂದು ಮೊರಾವಿಯಾದ ಓಲೊಮೊತ್ಸ್ ಪಟ್ಟಣದಲ್ಲಿ ಡಾ. ಎಡ್ವರ್ಡ್ ಜಿರ್ಮ್ ಮಾಡಿದರು. ರೋಗಿ ಸುಣ್ಣ ಬಿದ್ದು ಎರಡೂ ಕಣ್ಣು ಕಳೆದುಕೊಂಡಿದ್ದ ಕೂಲಿಕಾರ. ಕಾರ್ನಿಯಾ ಬಂದದ್ದು ಗಾಯದಿಂದ ಕಣ್ಣು ತೆಗೆಯಬೇಕಾಗಿ ಬಂದ 11 ವರ್ಷದ ಬಾಲಕನಿಂದ. ನಮ್ಮ ದೇಶದ ಮೊದಲ ನೇತ್ರ ಬ್ಯಾಂಕ್ 1945ರಲ್ಲಿ ಮದ್ರಾಸಿನಲ್ಲಿ ಆರಂಭವಾಯಿತು.

ಕರ್ನಾಟಕದಲ್ಲಿ ನೇತ್ರದಾನವನ್ನು ಮನೆಮಾತು ಮಾಡಿದ್ದು ಡಾ. ರಾಜ್‌ಕುಮಾರ್ ಕುಟುಂಬ. ಅವರ ಹೆಸರಿನ ನೇತ್ರ ಬ್ಯಾಂಕ್ 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಶುರುವಾಯಿತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಕಾಲಿಕವಾಗಿ ಅಗಲಿದಾಗ ಅವರ ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರ ಎಂದು ಬೇರ್ಪಡಿಸಿ ನಾಲ್ವರು ಯುವಜನರಿಗೆ ಕಸಿ ಮಾಡಲಾಯಿತು. ಅನಂತರ ರಾಜ್ಯದಾದ್ಯಂತ ಜನ ನೇತ್ರದಾನಕ್ಕೆ ಹೆಸರು ಬರೆಸಲು ಮುಂದೆ ಬಂದರು.

ಆದರೆ ಹೆಸರು ಬರೆಸಿದರೆ ಸಾಲದು. ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ತೀರಿಕೊಂಡ ಮನೆಗೆ ನಾವು ಗಂಟೆಯೊಳಗೇ ಹೋಗಿದ್ದೆವು. ಪ್ರಾರ್ಥಿಸಿದೆವು, ಅಂತ್ಯಕ್ರಿಯೆಯ ಸಮಯ ಗೊತ್ತುಮಾಡಿದೆವು, ವಿದೇಶದಲ್ಲಿದ್ದ ಮಗನೊಡನೆ ಮಾತಾಡಿದೆವು. ಕಣ್ಣಿನ ಮಾತು ತುಟಿಯವರೆಗೆ ಬಂದು, ಈ ದುಃಖದಲ್ಲಿ ಹೇಗೆ ಕೇಳುವುದೆಂದು ಹಿಂದೆ ಹೋಯಿತು. ತಿಂಗಳ ಪೂಜೆಯ ದಿನ ಮನೆಯವರು ಅವರ ಪ್ರಾರ್ಥನಾ ಪುಸ್ತಕದೊಳಗೆ ಸಿಕ್ಕಿದ ನೇತ್ರದಾನದ ಕಾರ್ಡನ್ನು ತಂದು ತೋರಿಸಿದರು. ಯಾರೂ ನಮ್ಮನ್ನು ದೂರಲಿಲ್ಲ. ಆದರೆ ಆ ಕಾರ್ಡನ್ನು ನಾವು ಮರೆತಿಲ್ಲ. ಸಾವಿನ ಮನೆಯಲ್ಲಿ ಕೇಳುವುದಕ್ಕೂ ಸಹಾನುಭೂತಿಯ ತರಬೇತಿ ಬೇಕು. ಅದು ವೈದ್ಯರಿಗೆ ಮಾತ್ರ ಸೇರಿದ್ದಲ್ಲ.

ಕಣ್ಣು ಕೊಟ್ಟರೆ ಪುನರುತ್ಥಾನದ ದಿನ ಏನು ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. ಧರ್ಮಸಭೆ ಅಂಗದಾನವನ್ನು ಪ್ರೀತಿಯ ಕಾರ್ಯವೆಂದೇ ಕಂಡಿದೆ. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1995ರ ತಮ್ಮ ವಿಶ್ವಪತ್ರದಲ್ಲೂ 2000ದ ಆಗಸ್ಟ್‌ನಲ್ಲಿ ರೋಮಿನಲ್ಲಿ ಸೇರಿದ್ದ ಕಸಿ ತಜ್ಞರ ಎದುರಿನಲ್ಲೂ ಇದನ್ನು ಸ್ಪಷ್ಟಪಡಿಸಿದ್ದರು. ಮಣ್ಣಿಗೆ ಸೇರಲಿರುವ ದೇಹದ ಒಂದು ತೆಳುಪೊರೆಯನ್ನು ಕೊಟ್ಟದ್ದರಿಂದ ನಮ್ಮ ಭರವಸೆಗೆ ಕುಂದಿಲ್ಲ.

ಹೊಸ ವೈದ್ಯಕೀಯವನ್ನು ಜನರಿಗೆ ಒಪ್ಪಿಸುವುದು ಧರ್ಮಗುರುಗಳಿಗೆ ಹೊಸ ಕೆಲಸವೂ ಅಲ್ಲ. 1799ರ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು, ಗಂಜಾಮಿನ ಕ್ರೈಸ್ತರ ನಡುವೆ ಸೇವೆ ಮಾಡಿ, ಜನರಿಂದ ದೊಡ್ಡಸ್ವಾಮಿಯವರು ಎಂದು ಕರೆಸಿಕೊಂಡ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಹರಡಿದವರಲ್ಲಿ ಪ್ರಮುಖರು. ಲಸಿಕೆ ಎಂದರೆ ಜನ ಹೆದರುತ್ತಿದ್ದ ಕಾಲ ಅದು. ಅವರು ಮನೆಮನೆಯ ನಂಬಿಕೆ ಗಳಿಸಿದ್ದರಿಂದಲೇ ಅದು ಸಾಧ್ಯವಾಯಿತು.

ನಾವು ಮಾಡಬಹುದಾದದ್ದು

ಧರ್ಮಕೇಂದ್ರಗಳ ಆರೋಗ್ಯ ಆಯೋಗ, ಸ್ತ್ರೀ ಸಂಘಟನೆ, ಯುವಜನರು ಮತ್ತು ವಾರ್ಡಿನ ಗುರಿಕಾರರು ಗಮನಿಸಬೇಕಾದ ಕೆಲವು ಅಂಶಗಳನ್ನು ಇಲ್ಲಿ ಕೊಡುತ್ತೇವೆ.

1. ಕಣ್ಣಿಗೆ ಎಲೆ, ಹೊಟ್ಟು, ಕಡ್ಡಿ ತಾಗಿದರೆ ಉಜ್ಜಬಾರದು. ಶುದ್ಧ ನೀರಿನಿಂದ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಬೇಕು. ಒಳಗೆ ಚುಚ್ಚಿಕೊಂಡಿರುವುದನ್ನು ಕೀಳಬಾರದು; ಅಂಥ ಕಣ್ಣನ್ನು ಮುಟ್ಟದೆ, ಒತ್ತದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

2. ಸುಣ್ಣ ಅಥವಾ ಸುಣ್ಣ ಬೆರೆತ ಬೋರ್ಡೋ ದ್ರಾವಣ ಬಿದ್ದರೆ ಒಂದು ನಿಮಿಷವೂ ಕಾಯದೆ ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 30 ನಿಮಿಷ ತೊಳೆಯಬೇಕು. ಸುಣ್ಣ ಕಣ್ಣಿನೊಳಗೆ ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ತೊಳೆದ ಮೇಲೆಯೇ ಆಸ್ಪತ್ರೆಯ ದಾರಿ ಹಿಡಿಯಬೇಕು. ವೀಳ್ಯದ ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗದಿರಲಿ.

3. ಚೀಟಿಯಿಲ್ಲದೆ ಕಣ್ಣಿನ ಹನಿ ಕೊಳ್ಳಬಾರದು. ಹಿಂದೆ ಯಾರಿಗೋ ಬರೆದುಕೊಟ್ಟ ಬಾಟಲಿಯನ್ನು ಬಳಸಬಾರದು. ಬಳಸಿದ್ದರೆ ಬಾಟಲಿಯನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ತೋರಿಸಬೇಕು, ಮುಚ್ಚಿಡಬಾರದು.

4. ಔಷಧಿ ಸಿಂಪಡಿಸುವಾಗ, ಹುಲ್ಲು ಕತ್ತರಿಸುವಾಗ, ಭತ್ತ ತೂರುವಾಗ ಕಣ್ಣಿಗೆ ಸಾದಾ ರಕ್ಷಣಾ ಕನ್ನಡಕ ಹಾಕಿಕೊಳ್ಳುವ ರೂಢಿಯನ್ನು ಸಂಘಗಳು ಬೆಳೆಸಬೇಕು.

5. ನೇತ್ರದಾನಕ್ಕೆ ಸಾವು ಸಂಭವಿಸಿದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ತಿಳಿಸಿದರೆ ತಂಡ ಮನೆಗೇ ಬರುತ್ತದೆ. ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನ್ ನಿಲ್ಲಿಸಬೇಕು, ತಲೆಯ ಕೆಳಗೆ ದಿಂಬು ಇಡಬೇಕು. ಕನ್ನಡಕ ಹಾಕುತ್ತಿದ್ದವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆ ಇದ್ದವರೂ ಕೊಡಬಹುದು. ಎಚ್.ಐ.ವಿ., ಹೆಪಟೈಟಿಸ್, ರೇಬಿಸ್ ಮುಂತಾದ ರೋಗಗಳಿದ್ದವರ ಕಣ್ಣನ್ನು ಕಸಿಗೆ ಬಳಸುವುದಿಲ್ಲ. ಇದಕ್ಕೆ ಹಣದ ಕೊಡುಕೊಳ್ಳುವಿಕೆ ಇಲ್ಲ; ಪಡೆದವರು ಯಾರೆಂದು ತಿಳಿಸುವುದಿಲ್ಲ.

6. ಸಮೀಪದ ನೇತ್ರ ಬ್ಯಾಂಕಿನ ದೂರವಾಣಿ ಸಂಖ್ಯೆ ಪ್ರತಿ ಧರ್ಮಕೇಂದ್ರದ ಕಚೇರಿಯಲ್ಲೂ ಗುರಿಕಾರರ ಬಳಿಯೂ ಬರೆದಿಟ್ಟಿರಲಿ. ಹೆಸರು ಬರೆಸಿದವರು ಮನೆಯವರಿಗೆ ಬದುಕಿರುವಾಗಲೇ ಹೇಳಿರಲಿ. ಪ್ರತಿ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರ ವರೆಗೆ ನಡೆಯುವ ನೇತ್ರದಾನ ಪಕ್ಷ ಮಾತೆ ಮರಿಯಮ್ಮನವರ ಜನ್ಮದಿನದಂದು, ನಮ್ಮ ತೆನೆಹಬ್ಬದಂದೇ ಮುಗಿಯುತ್ತದೆ. ಮಾತು ಎತ್ತಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

7. ವೈದ್ಯಕೀಯ, ನರ್ಸಿಂಗ್ ಓದುತ್ತಿರುವ ಮಕ್ಕಳು ಮನೆಗೆ ಬಂದಾಗ ಅಂಕಗಳನ್ನು ಕೇಳುವ ಮೊದಲು ನಿದ್ದೆ, ಊಟ, ಗೆಳೆಯರ ಬಗ್ಗೆ ಕೇಳಿ. ಮನಸ್ಸು ಕುಸಿದಾಗ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಈ ಟೆಲಿ ಮಾನಸ್ ಸೇವೆ ಉಚಿತ; ಕನ್ನಡದಲ್ಲೂ ಮಾತಾಡಬಹುದು. ನಮ್ಮ ಊರಿನಲ್ಲಿ ಬಾಡಿಗೆ ಕೋಣೆ, ಹಾಸ್ಟೆಲುಗಳಲ್ಲಿ ಇದ್ದು ಓದುವ ಪರವೂರಿನ ಮಕ್ಕಳನ್ನು, ಅವರು ಯಾವ ಮತದವರಾದರೂ, ಹಬ್ಬದ ಊಟಕ್ಕೆ ಕರೆಯುವುದು ಯಾವ ಆಯೋಗದ ಅನುಮತಿಯೂ ಬೇಡದ ಕೆಲಸ.

ಮದ್ದೂರಿನ ಗದ್ದೆಯಲ್ಲಿ ಗರಿ ತಾಗಿದವನ ಕಣ್ಣು ಉಳಿಯುವುದಕ್ಕೆ ಅವನು ಅದೇ ದಿನ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಅವನ ಮಾತು ಕೇಳುವವರೊಬ್ಬರು ಇರಬೇಕು. ಕೇಳುವವರು ಹಾಗೆ ಕೇಳಬೇಕಾದರೆ ಅವರ ಮಾತನ್ನೂ ಯಾರಾದರೂ ಕೇಳಿರಬೇಕು. ಅಂಥ ಯುವಜನರು ನಮ್ಮ ಮನೆಗಳಲ್ಲೇ ಇದ್ದಾರೆ. ಈ ವಾರ ಅವರಲ್ಲಿ ಒಬ್ಬರಿಗಾದರೂ ಕರೆ ಮಾಡಿ ಹೇಗಿದ್ದೀ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಫೋನ್ ಇಡಬೇಡಿ ಎಂದು ನಮ್ಮ ಓದುಗರಲ್ಲಿ ಕೇಳಿಕೊಳ್ಳುತ್ತೇವೆ.